ಕೆಂಗೇರಿಯಲ್ಲಿ ಒಂದು ದೈವಕರೆಯ ಪರೀಕ್ಷೆ: ಬೀಡ್ ಗ್ರಿಫಿತ್ಸ್, ಸಂತ ಬೆನೆಡಿಕ್ಟರ ನಿಯಮ ಮತ್ತು ನೆಲೆ ಬಿಡುವ ಪ್ರಶ್ನೆ

1955ರಲ್ಲಿ ಇಬ್ಬರು ಬೆನೆಡಿಕ್ಟೀನ್ ಸನ್ಯಾಸಿಗಳು ಯೂರೋಪಿನಿಂದ ಭಾರತಕ್ಕೆ ಬಂದು, ಆಗಿನ್ನೂ ಬೆಂಗಳೂರಿನ ಹೊರಗಿನ ಹಳ್ಳಿಯಂತಿದ್ದ ಕೆಂಗೇರಿಯಲ್ಲಿ ಮಠ ಕಟ್ಟಲೆಂದು ಜಾಗ ಕೊಂಡರು. ಒಬ್ಬರು ಭಾರತ ಮೂಲದ ಫಾದರ್ ಬೆನೆಡಿಕ್ಟ್ ಆಲಪಾಟ್, ಇನ್ನೊಬ್ಬರು ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್. 1958ರ ಹೊತ್ತಿಗೆ ಗ್ರಿಫಿತ್ಸ್ ಕೆಂಗೇರಿಯಲ್ಲಿರಲಿಲ್ಲ. ಅಲ್ಲಿಯ ಬದುಕು ತೀರಾ ಪಾಶ್ಚಾತ್ಯವೆನಿಸಿ ಅದನ್ನು ಬಿಟ್ಟು, ಬೆಲ್ಜಿಯಂ ಮೂಲದ ಸಿಸ್ಟರ್ಸಿಯನ್ ಸನ್ಯಾಸಿ ಫ್ರಾನ್ಸಿಸ್ ಆಚಾರ್ಯರ ಜೊತೆಗೂಡಿ ಕೇರಳದ ಬೆಟ್ಟಸೀಮೆಯಲ್ಲಿ ಕುರಿಸುಮಲ ಆಶ್ರಮವನ್ನು ಸ್ಥಾಪಿಸಿದ್ದರು. ಅವರ ಬದುಕನ್ನು ಕುರಿತ ಬರಹಗಳಲ್ಲಿ ಕೆಂಗೇರಿಗೆ ಸಿಗುವುದು ಸಾಮಾನ್ಯವಾಗಿ ಒಂದೆರಡು ವಾಕ್ಯ ಮಾತ್ರ. ವಿಫಲವಾದ ಮೊದಲ ಪ್ರಯತ್ನ, ಕುರಿಸುಮಲ ಮತ್ತು ಅವರು ಮುಂದೆ ಹೊಣೆ ಹೊತ್ತ ಶಾಂತಿವನ ಆಶ್ರಮದ ದಾರಿಯಲ್ಲಿ ಸಿಕ್ಕ ತಂಗುದಾಣ, ಅಷ್ಟೇ. ಈ ಓದು ದೈವಕರೆಯ ಸ್ವರೂಪವನ್ನೇ ತಪ್ಪಾಗಿ ತಿಳಿದಿದೆ ಎಂಬುದು ನನ್ನ ವಾದ. ಕರೆಯ ವಿವೇಚನೆ ಮಠದ ಬಾಗಿಲು ದಾಟುವ ಮೊದಲೇ ಮುಗಿದುಹೋಗುವ ಕೆಲಸವೆಂದು ನಾವು ಎಣಿಸುತ್ತೇವೆ. ಬೆನೆಡಿಕ್ಟೀನ್ ಪರಂಪರೆಯ ಪ್ರಕಾರ ಅದು ನೆಲ, ಸಮುದಾಯ ಮತ್ತು ಕಾಲ ಈ ಮೂರೂ ಸೇರಿ ನಡೆಸುವ ದೀರ್ಘ ಪರೀಕ್ಷೆ. ಆ ಪರೀಕ್ಷೆ ಕೆಂಗೇರಿಯಲ್ಲಿ ನಿಜವಾಗಿಯೂ ನಡೆಯಿತು, ಉತ್ತರವನ್ನೂ ಕೊಟ್ಟಿತು.

ಆರನೆಯ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟರು ಬರೆದ ನಿಯಮದ 58ನೆಯ ಅಧ್ಯಾಯವನ್ನು ಮೊದಲು ನೋಡಬೇಕು. ಹೊಸದಾಗಿ ಬಂದವನಿಗೆ ಸುಲಭವಾಗಿ ಪ್ರವೇಶ ಕೊಡಬಾರದೆಂದೇ ಅದು ಆರಂಭವಾಗುತ್ತದೆ. ನಾಲ್ಕೈದು ದಿನ ಬಾಗಿಲು ತಟ್ಟಿ, ಕಟುಮಾತು ಕೇಳಿಯೂ ಹಿಂದೆ ಸರಿಯದವನನ್ನು ಅತಿಥಿಗೃಹದಲ್ಲಿರಿಸಬೇಕು. ಬಳಿಕ ನವದೀಕ್ಷಿತರ ಜೊತೆ ಬಿಟ್ಟು, ಅನುಭವಿಯೊಬ್ಬನನ್ನು ಅವನ ಮೇಲ್ವಿಚಾರಣೆಗೆ ಇಡಬೇಕು. ಆ ಹಿರಿಯ ಗಮನಿಸಬೇಕಾದದ್ದು ಬಂದವನ ಭಾವಾವೇಶವನ್ನಲ್ಲ. ಅವನು ದೇವರನ್ನು ನಿಜವಾಗಿ ಅರಸುತ್ತಿದ್ದಾನೆಯೇ, ಪ್ರಾರ್ಥನೆಯಲ್ಲಿ ಆಸಕ್ತಿಯಿದೆಯೇ, ವಿಧೇಯತೆಗೆ ಒಗ್ಗುತ್ತಾನೆಯೇ, ಅವಮಾನ ತಾಳಿಕೊಳ್ಳಬಲ್ಲನೇ ಎಂಬುದನ್ನು. ಎರಡು ತಿಂಗಳಾದ ಮೇಲೆ ನಿಯಮವನ್ನು ಪೂರ್ತಿ ಓದಿ ಹೇಳಿ, ಇಷ್ಟವಿದ್ದರೆ ಇರು, ಇಲ್ಲದಿದ್ದರೆ ಹೋಗಲು ನೀನು ಸ್ವತಂತ್ರ ಎನ್ನಬೇಕು. ಆರು ತಿಂಗಳಾದ ಮೇಲೆ ಮತ್ತೊಮ್ಮೆ, ಮತ್ತೆ ನಾಲ್ಕು ತಿಂಗಳಿಗೆ ಇನ್ನೊಮ್ಮೆ. ಹೀಗೆ ವರ್ಷವೊಂದು ಕಳೆದ ನಂತರವೇ ವಚನ. ಆಗಲೂ ಅವನ ಹಳೆಯ ಬಟ್ಟೆಗಳನ್ನು ಎಸೆಯದೆ ಮಠದಲ್ಲೇ ಕಾದಿಡಬೇಕು. ಮುಂದೊಂದು ದಿನ ಅವನು ಹೊರಡುವುದಾದರೆ ಅವು ಬೇಕಾಗುತ್ತವೆ. ಹೊರಟುಹೋದವನು ತಿದ್ದಿಕೊಂಡು ಮರಳಿದರೆ ಮೂರನೆಯ ಸಲದವರೆಗೂ ಸೇರಿಸಿಕೊಳ್ಳಬಹುದೆನ್ನುತ್ತದೆ 29ನೆಯ ಅಧ್ಯಾಯ. ಸ್ಥಿರವಾಸವನ್ನೇ ಮುಖ್ಯ ವಚನವಾಗಿಸಿಕೊಂಡ ನಿಯಮವೇ ಹೊರಡುವ ಸಾಧ್ಯತೆಯನ್ನು ಇಷ್ಟು ಶಾಂತವಾಗಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ಗಮನಾರ್ಹ. ಇನ್ನೊಂದು ವಿವರವೂ ಇಲ್ಲಿ ಮುಖ್ಯ. ವಚನಪತ್ರವನ್ನು ಆ ಮಠದಲ್ಲಿ ಅವಶೇಷಗಳಿರುವ ಸಂತರ ಹೆಸರಿನಲ್ಲಿ ಬರೆದು, ಬಲಿಪೀಠದ ಮೇಲೆ ಇಡಬೇಕು. ಎಂದರೆ ಸಂತ ಇಲ್ಲಿ ಕರೆಗೆ ಸಾಕ್ಷಿ. ಅವನ ಬದುಕನ್ನು ಹಾಗೆಯೇ ನಕಲು ಮಾಡಬೇಕೆಂದು ನಿಯಮ ಎಲ್ಲಿಯೂ ಕೇಳುವುದಿಲ್ಲ.

ಗ್ರಿಫಿತ್ಸ್ ಮಠದಲ್ಲಿ ತಳೆದ ಹೆಸರೇ ಈ ಮಾತಿಗೆ ಒಳ್ಳೆಯ ಉದಾಹರಣೆ. 735ರಲ್ಲಿ ತೀರಿಕೊಂಡ, ಇಂಗ್ಲಿಷ್ ಜನಾಂಗದ ಚರ್ಚಿನ ಇತಿಹಾಸ ಬರೆದ ಸಂತ ಬೀಡ್ ತನ್ನ ಕರೆಯನ್ನು ತಾನೇ ವಿವೇಚಿಸಿದವನಲ್ಲ. ಏಳನೆಯ ವಯಸ್ಸಿನಲ್ಲಿ ಬಂಧುಗಳು ಅವನನ್ನು ಮಠಾಧಿಪತಿ ಬೆನೆಡಿಕ್ಟ್ ಬಿಸ್ಕಪ್ಪನ ಕೈಗೆ ಒಪ್ಪಿಸಿದರು. ಮಕ್ಕಳನ್ನು ಮಠಕ್ಕೆ ಅರ್ಪಿಸುವ ಈ ಪದ್ಧತಿಗೆ ಬೆನೆಡಿಕ್ಟರ ನಿಯಮದ 59ನೆಯ ಅಧ್ಯಾಯದಲ್ಲೂ ಅವಕಾಶವಿದೆ. ಕನ್ನಡಿಗರಿಗೆ ಇದೇನೂ ಅಪರಿಚಿತವಲ್ಲ. ವೀರಶೈವ ಮಠಗಳಲ್ಲಿ ಎಳೆಯ ವಟುವನ್ನು ಮರಿಯಾಗಿ ಆರಿಸುವುದು, ಉಡುಪಿಯ ಅಷ್ಟಮಠಗಳಲ್ಲಿ ಬಾಲಸನ್ಯಾಸ ಕೊಡುವುದು ನಡೆದುಬಂದಿವೆ. ಕೆಥೊಲಿಕ್ ಸಭೆ ಮಾತ್ರ ನಿಧಾನವಾಗಿ ಬೇರೆ ದಾರಿ ಹಿಡಿಯಿತು. ಟ್ರೆಂಟ್ ಮಹಾಸಭೆ 1563ರಲ್ಲಿ ಹದಿನಾರು ತುಂಬದವರ ವಚನ ಸಲ್ಲದೆಂದೂ ಅದಕ್ಕೆ ಮೊದಲು ಒಂದು ವರ್ಷದ ಪರೀಕ್ಷಾವಧಿ ಕಡ್ಡಾಯವೆಂದೂ ವಿಧಿಸಿತು. ಹೆಣ್ಣುಮಕ್ಕಳನ್ನು ಬಲವಂತದಿಂದ ಕನ್ಯಾಮಠಕ್ಕೆ ಸೇರಿಸುವವರನ್ನು ಬಹಿಷ್ಕಾರದ ಶಾಪಕ್ಕೆ ಗುರಿಮಾಡಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ನವದೀಕ್ಷೆಗೆ ಹದಿನೇಳು ವರ್ಷ ತುಂಬಿರಬೇಕು, ನವದೀಕ್ಷೆ ಹನ್ನೆರಡು ತಿಂಗಳಿರಬೇಕು, ತಾತ್ಕಾಲಿಕ ವಚನ ಮೂರು ವರ್ಷಕ್ಕೆ ಕಡಿಮೆಯಾಗಬಾರದು, ಕೊನೆಯ ವಚನಕ್ಕೆ ಇಪ್ಪತ್ತೊಂದು ತುಂಬಿರಬೇಕು. ಬದುಕಿನ ದಾರಿ ಆರಿಸಿಕೊಳ್ಳುವಲ್ಲಿ ಯಾವ ಒತ್ತಾಯವೂ ಇರಬಾರದೆಂಬುದನ್ನು ಅದರ 219ನೆಯ ವಿಧಿ ಪ್ರತಿಯೊಬ್ಬ ವಿಶ್ವಾಸಿಯ ಹಕ್ಕೆಂದೇ ಕರೆಯುತ್ತದೆ. ಕರೆಯ ನಿರ್ಣಯ ಮನೆತನದ ಕೈಯಿಂದ ವ್ಯಕ್ತಿಯ ಅಂತಃಸಾಕ್ಷಿಗೆ ಬಂದ ಈ ಚರಿತ್ರೆಯನ್ನು ಗಮನಿಸಿದರೆ, ಇಪ್ಪತ್ತನೆಯ ಶತಮಾನದ ಬೀಡ್ ಎಂಟನೆಯ ಶತಮಾನದ ಬೀಡ್‌ನಂತೆ ಬದುಕುವುದು ಸಾಧ್ಯವೇ ಇರಲಿಲ್ಲ. ಆದರೂ ಆ ಹೆಸರು ಅವರಿಗೆ ಹೊಂದುತ್ತಿತ್ತು. ಪರಂಪರೆಯ ವಿದ್ಯೆಯನ್ನು ಹೊಸ ಜನರ ನಡುವೆ ನೆಲೆಗೊಳಿಸುವ ಕೆಲಸ ಇಬ್ಬರದೂ ಆಗಿತ್ತು.

ಗ್ರಿಫಿತ್ಸ್ 1906ರಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಸಿ.ಎಸ್. ಲೂಯಿಸ್ ಅವರ ಶಿಷ್ಯ. ಮುಂದೆ ಲೂಯಿಸ್ ತಮ್ಮ ಆತ್ಮಕಥೆಯನ್ನು ಅರ್ಪಿಸಿದ್ದು ಇವರಿಗೇ. ಓದು ಮುಗಿದ ಮೇಲೆ ಇಬ್ಬರು ಗೆಳೆಯರೊಂದಿಗೆ ಕಾಟ್ಸ್‌ವೋಲ್ಡ್ ಪ್ರದೇಶದ ಹಳ್ಳಿಯ ಗುಡಿಸಲಿನಲ್ಲಿ ಯಂತ್ರಯುಗದ ಸೌಕರ್ಯಗಳನ್ನು ದೂರವಿಟ್ಟು ಬದುಕುವ ಪ್ರಯೋಗ ಮಾಡಿದರು. 1932ರಲ್ಲಿ ಪ್ರಿಂಕ್ನಾಶ್ ಮಠದಲ್ಲಿ ನವದೀಕ್ಷಿತರಾದರು, 1940ರಲ್ಲಿ ಗುರುದೀಕ್ಷೆ ಪಡೆದರು, ಫಾರ್ನ್‌ಬರೊ ಮಠದ ಮುಖ್ಯಸ್ಥರಾದರು, ಅಲ್ಲಿಂದ ಸ್ಕಾಟ್ಲೆಂಡಿನ ಪ್ಲಸ್ಕಾರ್ಡನ್‌ಗೆ ವರ್ಗವಾದರು. ಭಾರತಕ್ಕೆ ಹೋಗುವ ಬಯಕೆ ಮೂಡಿದಾಗ ಅವರ ಮಠಾಧಿಪತಿ ಮೊದಲು ಅನುಮತಿ ಕೊಡಲಿಲ್ಲ. ಆಮೇಲೆ ಅವರೇ, ಹೋಗುವುದಾದರೆ ಅಲ್ಲಿಯ ಧರ್ಮಾಧ್ಯಕ್ಷರ ಅಧೀನದಲ್ಲಿ ಹೋಗಬಹುದು ಎಂದು ಸೂಚಿಸಿದರು. ಹಾಗೆ ಮಾಡಿದರೆ ತಮ್ಮ ಮಠಾಧಿಪತಿಗೆ ಕೊಟ್ಟ ವಿಧೇಯತೆಯ ವಚನ ಅಲ್ಲಿಗೇ ಕೊನೆಗೊಳ್ಳುತ್ತಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಮಠವನ್ನು ಕಳೆದುಕೊಳ್ಳುವ ಆ ಬೆಲೆಯನ್ನು ಗ್ರಿಫಿತ್ಸ್ ಒಪ್ಪಿಕೊಂಡರು. ತಮ್ಮ ಆತ್ಮದ ಇನ್ನರ್ಧವನ್ನು ಕಂಡುಕೊಳ್ಳಲು ಭಾರತಕ್ಕೆ ಹೋಗುತ್ತಿದ್ದೇನೆಂದು ಗೆಳೆಯರೊಬ್ಬರಿಗೆ ಅವರು ಬರೆದದ್ದು ಪ್ರಸಿದ್ಧವಾಗಿದೆ. ಅದನ್ನು ಉಲ್ಲೇಖಿಸುವವರು ಅದರ ಹಿಂದಿನ ನಿರಾಕರಣೆ, ಕಾಯುವಿಕೆ ಮತ್ತು ಒಪ್ಪಿಗೆಯನ್ನು ಮರೆಯುತ್ತಾರೆ. ಒಳಗಿನ ಸೆಳೆತವೊಂದೇ ಸಾಕಾಗಿದ್ದರೆ ಅವರು ಮೊದಲ ಸಲ ಇಲ್ಲವೆನ್ನಿಸಿಕೊಂಡಾಗಲೇ ಹೊರಟುಬಿಡುತ್ತಿದ್ದರು.

ಕೆಂಗೇರಿಯಲ್ಲಿ ಎದುರಾದದ್ದು ಸಿದ್ಧಾಂತದ ಬಿಕ್ಕಟ್ಟಾಗಿರಲಿಲ್ಲ. ಅದು ದಿನನಿತ್ಯದ ಬದುಕಿನ ಬಿಕ್ಕಟ್ಟು. ಯೂರೋಪಿನ ಮಠದ ಉಡುಪು, ಮೇಜು ಕುರ್ಚಿ, ಊಟದ ರೀತಿ, ಲ್ಯಾಟಿನ್ ಪ್ರಾರ್ಥನೆ ಇವೆಲ್ಲ ಅಲ್ಲಿಂದ ಇಲ್ಲಿಗೆ ಬಂದವು. ಇಂಗ್ಲೆಂಡಿನಲ್ಲಿ ಅತ್ಯಂತ ಸರಳವೆನಿಸುತ್ತಿದ್ದ ಬಾಳು ಸುತ್ತಲಿನ ರೈತರ ಬಾಳಿನ ಪಕ್ಕದಲ್ಲಿ ಅನುಕೂಲಸ್ಥರ ಬಾಳಾಗಿ ಕಂಡಿತು. ಬಡತನದ ವ್ರತಕ್ಕೆ ಇದಕ್ಕಿಂತ ನೇರವಾದ ಪರೀಕ್ಷೆ ಇರಲಾರದು, ಏಕೆಂದರೆ ಬಡತನವೆಂಬುದು ನೆರೆಯವರ ಬದುಕಿನ ಎದುರಿಗಷ್ಟೇ ಅಳತೆಗೆ ಸಿಗುವ ಗುಣ. ಕಾವೇರಿ ದಡದ ತನ್ನೀರ್‌ಪಳ್ಳಿಯಲ್ಲಿ ಫ್ರೆಂಚ್ ಗುರುಗಳಾದ ಜೂಲ್ ಮೊಂಶಾನ್ಯಾ ಮತ್ತು ಆನ್ರಿ ಲ ಸೊ 1950ರಲ್ಲೇ ಶಾಂತಿವನವನ್ನು ಆರಂಭಿಸಿ ಕಾವಿ ಉಟ್ಟಿದ್ದರು. ಹಾಗಾಗಿ ಬೇರೊಂದು ಮಾದರಿ ಕಣ್ಣೆದುರಿಗಿತ್ತು. ಕರ್ನಾಟಕದಲ್ಲಿ ಇದು ಇನ್ನೂ ಹಳೆಯ ಕಥೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸನ್ಯಾಸಿಯ ವೇಷದಲ್ಲಿ ತಿರುಗಿ ಕನ್ನಡದಲ್ಲಿ ಬೋಧಿಸಿದ್ದರು. ಮುಂದೆ ಫ್ರೆಂಚ್ ಗುರು ಅಬ್ಬೆ ದ್ಯುಬ್ವಾ ಇಲ್ಲಿಯ ಉಡುಗೆ ತೊಡುಗೆಗಳಲ್ಲೇ ದಶಕಗಳನ್ನು ಕಳೆದರು. ಆದ್ದರಿಂದ ಕೆಂಗೇರಿಯ ಪಾಶ್ಚಾತ್ಯತೆಗೆ ಕನ್ನಡ ನೆಲ ಹೊಣೆಯಲ್ಲ. ಈ ನೆಲ ಕಲಿಸಬಲ್ಲದ್ದನ್ನು ಬಂದವರು ಕೇಳಿಸಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಸ್ಥಿರವಾಸದ ವಚನ ತೊಟ್ಟವರು ಕೆಲವೇ ವರ್ಷಗಳಲ್ಲಿ ನೆಲೆ ಬದಲಾಯಿಸುವುದು ಸಂತ ಬೆನೆಡಿಕ್ಟರಿಗೆ ಬಗೆದ ದ್ರೋಹವಲ್ಲವೇ? ನಿಯಮದ ಮೊದಲ ಅಧ್ಯಾಯವೇ ಮಠದಿಂದ ಮಠಕ್ಕೆ ಅಲೆಯುವ ಸನ್ಯಾಸಿಗಳನ್ನು ಕಟುವಾಗಿ ಖಂಡಿಸುತ್ತದೆ. ಇದಕ್ಕೆ ಉತ್ತರ ಬೆನೆಡಿಕ್ಟರ ಬದುಕಿನಲ್ಲೇ ಇದೆ. ಅದನ್ನು ನಮಗೆ ದಾಟಿಸಿದವರು ಜಗದ್ಗುರು ಮಹಾ ಗ್ರೆಗೊರಿ, ತಮ್ಮ ಸಂವಾದಗಳ ಎರಡನೆಯ ಸಂಪುಟದಲ್ಲಿ. ಸುಬಿಯಾಕೊ ಗುಹೆಯಲ್ಲಿದ್ದ ಯುವ ಬೆನೆಡಿಕ್ಟರನ್ನು ಹತ್ತಿರದ ಮಠವೊಂದರ ಸನ್ಯಾಸಿಗಳು ಒತ್ತಾಯಿಸಿ ತಮ್ಮ ಮುಖ್ಯಸ್ಥರನ್ನಾಗಿಸಿಕೊಂಡರು. ಶಿಸ್ತು ಬಿಗಿಯಾದಾಗ ಅವರೇ ದ್ರಾಕ್ಷಾರಸದಲ್ಲಿ ವಿಷವಿಟ್ಟರು. ಬೆನೆಡಿಕ್ಟರು ಕೋಪಿಸಿಕೊಳ್ಳಲಿಲ್ಲ, ಅಲ್ಲಿ ಉಳಿಯಲೂ ಇಲ್ಲ; ತಮ್ಮ ಏಕಾಂತಕ್ಕೆ ಮರಳಿದರು. ಕೈಹಿಡಿದ ಹೊಣೆಯನ್ನು ಬಿಡಬಹುದೇ ಎಂದು ಸಂವಾದದಲ್ಲಿ ಗ್ರೆಗೊರಿಯೊಡನೆ ಮಾತಾಡುವ ಪೀಟರ್ ಕೇಳುತ್ತಾನೆ. ಫಲ ಕಾಣದ ಕಡೆ ಶ್ರಮ ವ್ಯರ್ಥವಾದಾಗ ಸಂತರು ಫಲವಿರುವ ಕಡೆಗೆ ಹೊರಳುವುದುಂಟು ಎಂಬರ್ಥದ ಮಾತು ಹೇಳಿ, ಗ್ರೆಗೊರಿ ದಮಸ್ಕದಿಂದ ತಪ್ಪಿಸಿಕೊಂಡು ಹೋದ ಸಂತ ಪೌಲರನ್ನು ನೆನಪಿಸುತ್ತಾರೆ. ಕೆಂಗೇರಿಯಲ್ಲಿ ವಿಷವಿರಲಿಲ್ಲ, ಕೆಡುಕೂ ಇರಲಿಲ್ಲ; ಹೋಲಿಕೆಯನ್ನು ಅಷ್ಟು ದೂರ ಎಳೆಯಬಾರದು. ಆದರೆ ಸಂತನೇ ಬಿಟ್ಟು ಹೊರಟ ಪ್ರಸಂಗ ಪರಂಪರೆಯ ಮೂಲದಲ್ಲಿರುವಾಗ, ಹೊರಡುವುದೆಲ್ಲ ಅಲೆಮಾರಿತನವೆಂಬ ತೀರ್ಪು ನಿಲ್ಲುವುದಿಲ್ಲ.

ಹಾಗಾದರೆ ಯಾವ ಚಂಚಲತೆಯನ್ನೂ ಕರೆಯೆಂದು ಸಮರ್ಥಿಸಿಕೊಳ್ಳಬಹುದಲ್ಲ ಎಂದು ಆಕ್ಷೇಪಿಸುವವರು ಕೇಳಿಯಾರು. ಕೇಳಲೇಬೇಕಾದ ಪ್ರಶ್ನೆಯದು. ಮನಸ್ಸು ಬತ್ತಿ ಕತ್ತಲಾವರಿಸಿದಾಗ ಹಿಂದಿನ ನಿರ್ಧಾರ ಬದಲಿಸಬೇಡಿ ಎಂಬುದು ಸಂತ ಇಗ್ನೇಷಿಯಸರ ವಿವೇಚನಾ ಸೂತ್ರಗಳಲ್ಲಿ ಹೆಸರಾದದ್ದು. ಆ ಅಳತೆಗೋಲನ್ನು ಇಲ್ಲಿಟ್ಟರೆ ಗ್ರಿಫಿತ್ಸರ ಮುಂದಿನ ವರ್ಷಗಳೇ ಉತ್ತರ ಹೇಳುತ್ತವೆ. ಕೆಂಗೇರಿ ಬಿಟ್ಟ ಮೇಲೆ ಅವರ ಬದುಕು ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿಯಾಯಿತು. ಕುರಿಸುಮಲದಲ್ಲಿ ಸಿರಿಯಾಕ್ ಪರಂಪರೆಯ ಆರಾಧನೆ, ಕಾವಿ, ನೆಲದ ಮೇಲಿನ ಊಟ, ಬೇಸಾಯ, ಹೈನುಗಾರಿಕೆ. ಅಲ್ಲಿ ಹತ್ತು ವರ್ಷ ಕಳೆದು 1968ರಲ್ಲಿ ಶಾಂತಿವನದ ಹೊಣೆ ಹೊತ್ತರು, 1993ರ ಮೇ 13ರಂದು ಅಲ್ಲೇ ಕೊನೆಯುಸಿರೆಳೆದರು. ಶಾಂತಿವನ 1980ರ ದಶಕದಲ್ಲಿ ಕಮಾಲ್ಡೊಲಿ ಶಾಖೆಯ ಮೂಲಕ ಬೆನೆಡಿಕ್ಟೀನ್ ಕುಟುಂಬಕ್ಕೇ ಸೇರಿತು. ಪ್ರಿಂಕ್ನಾಶ್ ಬಿಟ್ಟರೂ ಅವರು ಬೆನೆಡಿಕ್ಟರನ್ನು ಬಿಡಲಿಲ್ಲ. ಇಷ್ಟೇ ಮುಖ್ಯವಾದ ಇನ್ನೊಂದು ಸಾಕ್ಷ್ಯ ಕೆಂಗೇರಿಯ ಬಳಿಯೇ ಇದೆ. ಬೆಲ್ಜಿಯಂನ ಬ್ರೂಜ್ ಬಳಿಯ ಸಂತ ಅಂದ್ರೇಯರ ಮಠದ ನೆರವಿನಿಂದ ಸೇಲಂ ಸೀಮೆಯಲ್ಲಿ ಬೇರುಬಿಟ್ಟಿದ್ದ ಬೆನೆಡಿಕ್ಟೀನ್ ಸಮುದಾಯ ಇಲ್ಲಿಗೆ ಸ್ಥಳಾಂತರಗೊಂಡು, ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ ಆಶೀರ್ವನವಾಗಿ ನೆಲೆನಿಂತಿತು. ಅದು ಹೋಗಲಿಲ್ಲ. ಪ್ರಾರ್ಥನೆ, ದುಡಿಮೆ, ಅತಿಥಿಸತ್ಕಾರ, ಧ್ಯಾನಕೂಟಗಳ ಅದೇ ದಿನಚರಿಯಲ್ಲಿ ಬೆಂಗಳೂರು ತನ್ನತ್ತ ಬೆಳೆದು ಬರುವುದನ್ನು ಕಂಡಿತು. ಒಂದೇ ನಿಯಮ, ಒಬ್ಬನೇ ಸಂತ, ಸರಿಸುಮಾರು ಒಂದೇ ನೆಲ, ಉತ್ತರಗಳು ಎರಡು. ಒಂದನ್ನು ಸರಿಯೆನ್ನಲು ಇನ್ನೊಂದನ್ನು ತಪ್ಪೆನ್ನಬೇಕಾಗಿಲ್ಲ. ಗ್ರಿಫಿತ್ಸರ ನಿರ್ಗಮನವನ್ನು ಮೆಚ್ಚುವ ಭರದಲ್ಲಿ ಆಶೀರ್ವನದ ಉಳಿಯುವಿಕೆಯನ್ನು ಮರೆತಿರುವುದು ಈ ವಿಷಯದ ಬರಹಗಳ ದೊಡ್ಡ ಕೊರತೆಯೆಂದೇ ನನಗೆ ಅನಿಸುತ್ತದೆ.

ಮೂರನೆಯ ಆಕ್ಷೇಪ ನಮ್ಮ ಕಡೆಯದೇ. ನಿಜವಾದ ವೈರಾಗ್ಯಕ್ಕೆ ವಯೋಮಿತಿ, ಪರೀಕ್ಷಾವಧಿ, ಮೇಲಿನವರ ಅನುಮತಿ ಯಾಕೆ? ಅಕ್ಕಮಹಾದೇವಿ ಯಾರನ್ನು ಕೇಳಿ ಹೊರಟಳು? ಆದರೆ ಶೂನ್ಯಸಂಪಾದನೆಯ ಅಕ್ಕ ಕಲ್ಯಾಣಕ್ಕೆ ಬಂದಾಗ ಅವಳನ್ನು ಯಾರೂ ನೇರವಾಗಿ ಒಳಗೆ ಕರೆದುಕೊಳ್ಳುವುದಿಲ್ಲ. ಅಲ್ಲಮಪ್ರಭು ಅವಳ ಗಂಡನ ಬಗ್ಗೆ, ಅವಳ ಕೂದಲ ಮರೆಯ ಬಗ್ಗೆ ನಿಷ್ಠುರವಾಗಿ ಕೇಳುತ್ತಾನೆ. ಉತ್ತರ ಬಂದ ಮೇಲಷ್ಟೇ ಶರಣರು ತಲೆಬಾಗುವುದು. ಮತ್ತೆ ಅವಳು ಅಲ್ಲಿಯೂ ನಿಲ್ಲದೆ ಶ್ರೀಶೈಲದ ಕದಳಿಗೆ ಹೊರಡುತ್ತಾಳೆ. ಒಳಗಿನ ಕರೆ ಎಷ್ಟೇ ಉಜ್ವಲವಾಗಿರಲಿ, ಅನುಭಾವಿಗಳ ಎದುರು ಅದು ಮಾತಿನಲ್ಲಿ ನಿಲ್ಲಬೇಕೆಂಬ ಅರಿವು ಬಸವೇಶ್ವರನಗರವೆಂದು ಬಡಾವಣೆಗೆ ಹೆಸರಿಟ್ಟ ಊರಿಗೆ ಹೊಸದಲ್ಲ.

ಈ ಸಾಮ್ಯವನ್ನು ಒಪ್ಪಿದರೆ ಇಂದಿನ ಪಶ್ಚಿಮ ಬೆಂಗಳೂರಿಗೆ ಸಂಬಂಧಿಸಿದ ಒಂದು ಪ್ರಶ್ನೆ ಉಳಿಯುತ್ತದೆ: ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಬೇಕು? ಅಲ್ಲಮ ಕೇಳಿದ್ದು ಅಕ್ಕನ ತಾಯ್ನುಡಿಯಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯನ್ನು ಜನಭಾಷೆಗೆ ತಂದು ದಶಕಗಳಾದವು. ಧಾರ್ಮಿಕ ಬದುಕಿನ ನವೀಕರಣವನ್ನು ಕುರಿತ ಅದರ 1965ರ ಆದೇಶ ಪ್ರತಿ ಸಭೆಯೂ ತನ್ನ ಮೂಲಸ್ಥಾಪಕರ ಸ್ಫೂರ್ತಿಗೆ ಮರಳುತ್ತಲೇ ಕಾಲಕ್ಕೆ ಹೊಂದಿಕೊಳ್ಳಬೇಕೆಂದಿತು. 1973ರಲ್ಲಿ ಏಷ್ಯಾದ ಕ್ರೈಸ್ತ ಸನ್ಯಾಸಿಗಳ ಸಮ್ಮೇಳನ ಬೆಂಗಳೂರಿನಲ್ಲೇ ಸೇರಿತು. ಇಷ್ಟಾದರೂ ನಗರದ ಬಹುಪಾಲು ಗುರುಮಠಗಳಲ್ಲಿ ಶಿಕ್ಷಣ ಇಂಗ್ಲಿಷಿನಲ್ಲೇ ನಡೆಯುತ್ತದೆ. ಬೇರೆ ಬೇರೆ ರಾಜ್ಯಗಳಿಂದ ಬರುವ ಅಭ್ಯರ್ಥಿಗಳಿಗೆ ಸಾಮಾನ್ಯ ಭಾಷೆಯೊಂದು ಬೇಕು ಎಂಬ ಸಮರ್ಥನೆ ಪಾಠದ ಮಟ್ಟಿಗೆ ಸರಿ. ಆತ್ಮಪರೀಕ್ಷೆಯ ಮಟ್ಟಿಗೆ ಅದು ಸಾಲದು. ಕೆಂಗೇರಿ, ವಿಜಯನಗರದ ಕನ್ನಡ ಮನೆಯಿಂದ ಬಂದ ಹುಡುಗಿಗೆ ತನ್ನ ಭಯ, ಅನುಮಾನ, ಆಸೆಗಳನ್ನು ಹೇಳಿಕೊಳ್ಳಲು ತಾನು ಪ್ರಾರ್ಥಿಸುವ ಭಾಷೆಯೇ ಬೇಕು. ಅವಳನ್ನು ಪರೀಕ್ಷಿಸುವ ಹಿರಿಯಳಿಗೂ ಆ ಭಾಷೆ ಬರಬೇಕು. ಮೈಸೂರು ಸೀಮೆಗೆ ಬಂದ ಚಿನ್ನಾಮಿ ಮಾಡಿದ ಮೊದಲ ಕೆಲಸಗಳಲ್ಲೊಂದು ಕನ್ನಡ ಕಲಿಯುವುದಾಗಿತ್ತು.