ಸ್ತನವರ್ಧನ ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಸಂದರ್ಭದಲ್ಲಿ

ಸಿಲಿಕೋನ್ ಹೊದಿಕೆಯೊಳಗೆ ಸಿಲಿಕೋನ್ ಜೆಲ್ ಅಥವಾ ಲವಣಜಲ ತುಂಬಿದ ಇಂಪ್ಲಾಂಟನ್ನು ಎದೆಯೊಳಗೆ ಇರಿಸಿ ಸ್ತನದ ಗಾತ್ರವನ್ನೋ ಆಕಾರವನ್ನೋ ಹೆಚ್ಚಿಸುವುದು ಸ್ತನವರ್ಧನ ಶಸ್ತ್ರಚಿಕಿತ್ಸೆ. ಕ್ಯಾನ್ಸರ್‌ನಿಂದ ಸ್ತನ ಕಳೆದುಕೊಂಡವರಿಗೆ ಮಾಡುವ ಸ್ತನ ಪುನರ್ನಿರ್ಮಾಣವೂ ಇದರ ನೆರೆಯದೇ. ಚೇತರಿಕೆಗೆ ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ವೈದ್ಯಗ್ರಂಥಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದರಿಂದ ಎರಡು ವಾರ. ಇದು ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರ ಲೆಕ್ಕ. ರೊಟ್ಟಿ ಬಡಿಯುವ, ಕೊಡ ಎತ್ತುವ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ತೋಳಿಗೆ ಬೇರೆಯದೇ ಲೆಕ್ಕ ಬೇಕು. ಹಾವೇರಿ ಜಿಲ್ಲೆಯ ಸಂದರ್ಭದಲ್ಲಿ ಈ ವಿಷಯವನ್ನು ಅಲ್ಲಿಂದಲೇ ಆರಂಭಿಸುವುದು ಸರಿ.

ಸಿಲಿಕೋನ್ ಜೆಲ್ ಇಂಪ್ಲಾಂಟನ್ನು ಮೊದಲ ಬಾರಿಗೆ 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ವೈದ್ಯರು ಅಳವಡಿಸಿದರು. ಸುರಕ್ಷತೆಯ ಅನುಮಾನದಿಂದ 1992ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಇದರ ಸೌಂದರ್ಯೋದ್ದೇಶದ ಬಳಕೆಯನ್ನು ತಡೆಹಿಡಿದು, 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕಾ ದರ್ಜೆಯ ಸಿಲಿಕೋನ್ ತುಂಬುತ್ತಿದ್ದುದು 2010ರಲ್ಲಿ ಬಯಲಾಗಿ, ಅದರ ಸ್ಥಾಪಕ 2013ರಲ್ಲಿ ಶಿಕ್ಷೆಗೆ ಗುರಿಯಾದ.

ಶಸ್ತ್ರಚಿಕಿತ್ಸೆಗೆ ಪೂರ್ಣ ಅರಿವಳಿಕೆಯಲ್ಲಿ ಒಂದೆರಡು ತಾಸು ಹಿಡಿಯುತ್ತದೆ. ಸ್ತನದ ಕೆಳಮಡಿಕೆಯಲ್ಲಿ, ಕಂಕುಳಲ್ಲಿ ಇಲ್ಲವೇ ತೊಟ್ಟಿನ ಸುತ್ತಲಿನ ಕಪ್ಪುವಲಯದ ಅಂಚಿನಲ್ಲಿ ಸೀಳು ಹಾಕುತ್ತಾರೆ. ಇಂಪ್ಲಾಂಟ್ ಕೂರುವ ಜಾಗ ಎರಡು ಬಗೆಯದು: ಹಾಲಿನ ಗ್ರಂಥಿಯ ಕೆಳಗೆ, ಅಥವಾ ಎದೆಯ ದೊಡ್ಡ ಸ್ನಾಯುವಿನ ಕೆಳಗೆ. ಎರಡನೆಯದರಲ್ಲಿ ಸ್ನಾಯುವನ್ನು ಪಕ್ಕೆಲುಬಿನಿಂದ ಭಾಗಶಃ ಬಿಡಿಸಬೇಕಾಗುವುದರಿಂದ ನೋವು ಹೆಚ್ಚು, ಚೇತರಿಕೆ ನಿಧಾನ. ತೋಳನ್ನು ಮುಂದಕ್ಕೆ ಒತ್ತುವ, ಎದೆಯತ್ತ ಎಳೆದುಕೊಳ್ಳುವ ಪ್ರತಿಯೊಂದು ಚಲನೆಯೂ ಈ ಸ್ನಾಯುವಿನದೇ. ಆದ್ದರಿಂದ ದೈಹಿಕ ಶ್ರಮದ ಬದುಕಿನವರು ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಗಾತ್ರದ್ದಲ್ಲ, ಇಂಪ್ಲಾಂಟ್ ಸ್ನಾಯುವಿನ ಮೇಲೋ ಕೆಳಗೋ ಎಂಬುದು.

ಮೊದಲ ಎರಡು ಮೂರು ದಿನ ಎದೆಯ ಮೇಲೆ ಭಾರ ಹೇರಿದಂಥ ಬಿಗಿತವಿರುತ್ತದೆ. ತಲೆ ಮತ್ತು ಬೆನ್ನಿಗೆ ದಿಂಬು ಕೊಟ್ಟು, ಅರ್ಧ ಕುಳಿತಂತೆ ಅಂಗಾತ ಮಲಗಬೇಕು. ಮಗ್ಗುಲಾಗಿಯೋ ಬೋರಲಾಗಿಯೋ ಮಲಗುವುದನ್ನು ಕೆಲವು ವಾರ ಬಿಡಬೇಕು. ತಂತಿಯಿಲ್ಲದ ಬಿಗಿಯಾದ ಬ್ರಾ ನಾಲ್ಕರಿಂದ ಆರು ವಾರ ಹಗಲೂ ರಾತ್ರಿ ಮೈಮೇಲಿರುವುದು ವಾಡಿಕೆ. ಮುಂದೆ ಗುಂಡಿಯೋ ಜಿಪ್ಪೋ ಇರುವ ಬ್ರಾ, ಕುಪ್ಪಸ, ನೈಟಿಗಳೇ ಅನುಕೂಲ. ತಲೆಯ ಮೇಲಿಂದ ಹಾಕುವ ಉಡುಪು ತೋಳನ್ನು ಎತ್ತಿಸುತ್ತದೆ. ಸೀರೆ ಉಡುವಾಗ ಸೆರಗು ಹೊದೆಯಲು ಬೇರೆಯವರ ಕೈ ಬೇಕಾಗುತ್ತದೆ. ತಲೆ ಬಾಚಿ ಹೆರಳು ಹಾಕಿಕೊಳ್ಳುವುದೂ ಒಂದು ವಾರದ ಮಟ್ಟಿಗೆ ಮಗಳ ಅಥವಾ ಅತ್ತಿಗೆಯ ಕೆಲಸ. ಗಾಯದ ಪಟ್ಟಿ ನೆನೆಯದಂತೆ ಸ್ನಾನ ಮಾಡಲು ಸಾಮಾನ್ಯವಾಗಿ ಎರಡು ದಿನಗಳ ಬಳಿಕ ಒಪ್ಪಿಗೆ ಸಿಗುತ್ತದೆ. ಬಾಣಂತಿಗೆ ಹಾಕಿದಂತೆ ಸುಡುನೀರು ಹಾಕುವುದು, ಎಣ್ಣೆ ತಿಕ್ಕುವುದು, ಕೆಂಡದ ಹೊಗೆ ಕೊಡುವುದು ಇಲ್ಲಿ ಸಲ್ಲದು. ಮನೆಯ ಹಿರಿಯರು ಪ್ರೀತಿಯಿಂದಲೇ ಇದಕ್ಕೆ ಮುಂದಾಗುವುದರಿಂದ, ಬೇಡವೆನ್ನುವ ಮಾತನ್ನು ವೈದ್ಯರ ಬಾಯಿಂದಲೇ ಹೇಳಿಸುವುದು ಜಾಣತನ.

ಹಗುರವಾದ ಓಡಾಟ ಮೊದಲ ದಿನದಿಂದಲೇ ಬೇಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. ನೋವಿನ ಮಾತ್ರೆಗಳಿಂದ ಮಲಬದ್ಧತೆ ಸಾಮಾನ್ಯ. ತಿಣುಕಿದರೆ ಎದೆಗೂ ಒತ್ತಡ ಬೀಳುತ್ತದೆ. ನೀರು, ಸೊಪ್ಪು, ಕಾಳು ಹೆಚ್ಚಾಗಿ ಸೇರಬೇಕು. ನಂಜಾಗುತ್ತದೆ ಎಂದು ಬದನೆಕಾಯಿ, ಮೊಟ್ಟೆ, ಕಾಳುಗಳನ್ನು ಬಿಡಿಸಿ ಅನ್ನ-ಸಾರಿನಲ್ಲೇ ಇಡುವ ಪಥ್ಯಕ್ಕೆ ವೈದ್ಯಕೀಯ ಆಧಾರವಿಲ್ಲ, ಗಾಯ ಕೂಡಲು ಬೇಕಾದ ಪ್ರೋಟೀನು ಅದರಿಂದ ಕಡಿಮೆಯಾಗುತ್ತದೆ. ನಿಜವಾಗಿ ಬಿಡಬೇಕಾದದ್ದು ತಂಬಾಕು. ಎಲೆ-ಅಡಿಕೆಯ ಜೊತೆ ಹಾಕುವ ತಂಬಾಕಿನಲ್ಲೂ ಗುಟ್ಕಾದಲ್ಲೂ ಇರುವ ನಿಕೋಟಿನ್ ಚರ್ಮದ ಸೂಕ್ಷ್ಮ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಕೂಡದಂತೆ ಮಾಡುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ನಾಲ್ಕು ವಾರ, ಆಮೇಲೆ ನಾಲ್ಕು ವಾರ ಅದನ್ನು ದೂರವಿಡಿ ಎಂಬುದು ಸಾಮಾನ್ಯ ಸೂಚನೆ. ಬೀಡಿ-ಸಿಗರೇಟು ಸೇದುವ ಗಂಡಸರನ್ನು ಕೇಳುವಂತೆ ತಂಬಾಕು ಹಾಕುವ ಹೆಂಗಸರನ್ನು ಕೇಳದೇ ಬಿಡುವುದುಂಟು. ಕೇಳದಿದ್ದರೂ ಹೇಳಿಕೊಳ್ಳಬೇಕು.

ಎರಡನೆಯ ವಾರದಿಂದ ಆರನೆಯ ವಾರದವರೆಗಿನ ಅವಧಿ ಈ ಸೀಮೆಯಲ್ಲಿ ಕಠಿಣ. ನೋವು ಇಳಿದಿರುತ್ತದೆ, ಹೊಲಿಗೆ ಒಣಗಿರುತ್ತದೆ, ನೋಡಿದವರಿಗೆ ಹುಷಾರಾದಂತೆ ಕಾಣುತ್ತದೆ. ಒಳಗೆ ಇಂಪ್ಲಾಂಟಿನ ಸುತ್ತ ದೇಹ ತಾನೇ ಕಟ್ಟಿಕೊಳ್ಳುವ ತೆಳುಪೊರೆ ಇನ್ನೂ ಬಲಿಯುತ್ತಿರುತ್ತದೆ. ಜೋಳದ ರೊಟ್ಟಿ ಬಡಿಯುವ ಕೆಲಸವನ್ನೇ ಗಮನಿಸಿ: ಹಿಟ್ಟು ನಾದುವಾಗ ಮೈಭಾರವೆಲ್ಲ ಅಂಗೈಗೆ ಬರುತ್ತದೆ, ಬಡಿಯುವಾಗ ಎದೆಯ ಸ್ನಾಯು ಮತ್ತೆ ಮತ್ತೆ ಬಿಗಿದು ಸಡಿಲುತ್ತದೆ. ಸ್ನಾಯುವಿನ ಕೆಳಗೆ ಇಂಪ್ಲಾಂಟ್ ಇದ್ದವರಿಗೆ ಇದು ವ್ಯಾಯಾಮಶಾಲೆಯ ಕಸರತ್ತಿಗೆ ಕಡಿಮೆಯದಲ್ಲ, ಆರು ವಾರ ಬಿಟ್ಟರೇ ಒಳ್ಳೆಯದು. ಭಾರದ ಮಿತಿ ಮೊದಲ ತಿಂಗಳಲ್ಲಿ ಎರಡು ಮೂರು ಕಿಲೋ ಎಂದು ಹೇಳುತ್ತಾರೆ. ತುಂಬಿದ ಕೊಡ ಹದಿನೈದು ಕಿಲೋ ಮುಟ್ಟುತ್ತದೆ, ಎತ್ತಿಕೊಳ್ಳಲು ಬರುವ ಎರಡು ವರ್ಷದ ಮಗು ಹತ್ತರ ಆಸುಪಾಸು. ಒಗೆದ ಬಟ್ಟೆ ಹಿಂಡುವುದು, ಹಗ್ಗದ ಮೇಲೆ ಒಣಹಾಕುವುದು, ಅಟ್ಟದ ಡಬ್ಬಿ ಇಳಿಸುವುದು ಎಲ್ಲವೂ ಇದೇ ಪಟ್ಟಿಗೆ ಸೇರುತ್ತವೆ. ಸ್ಕೂಟಿ ಓಡಿಸಲು, ನೋವಿನ ಮಾತ್ರೆ ನಿಂತು, ತಟ್ಟನೆ ಬ್ರೇಕ್ ಹಿಡಿದರೂ ಎದೆ ನೋಯದಂತಾಗಬೇಕು. ಎರಡು ವಾರಕ್ಕೆ ಮುಂಚೆ ಅದು ಅಪರೂಪ.

ರಾಣೆಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಹತ್ತಿ ಮತ್ತು ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆ ದೊಡ್ಡ ಉದ್ಯೋಗ. ಹೂವಿನ ಕೇಸರ ಕಿತ್ತು ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸದಲ್ಲಿ ಮಹಿಳೆಯರದೇ ಹೆಚ್ಚು ಪಾಲು. ಭಾರವೇನೂ ಇಲ್ಲ, ಆದರೆ ಗಿಡದೆತ್ತರಕ್ಕೆ ತೋಳು ಚಾಚಿ ತಾಸುಗಟ್ಟಲೆ ನಿಲ್ಲಬೇಕು. ಹಗುರ ಕೆಲಸ ಮಾಡಬಹುದು ಎಂಬ ವೈದ್ಯರ ಚೀಟಿಯ ಬರಹವನ್ನು ನಂಬಿ ಮೂರನೆಯ ವಾರದಲ್ಲಿ ಹೊಲಕ್ಕಿಳಿದರೆ ಸಂಜೆಗೆ ಊತ ಏರಬಹುದು. ಕೆಲಸದ ಹೆಸರು ಹೇಳದೆ, ತೋಳು ಹೇಗೆ ಆಡುತ್ತದೆ ಎಂದು ವೈದ್ಯರಿಗೆ ಮಾಡಿ ತೋರಿಸುವುದೇ ಸರಿಯಾದ ದಾರಿ.

ಬ್ಯಾಡಗಿಯ ತೊಂದರೆ ಘಾಟಿನದು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ಮಾರುಕಟ್ಟೆಯ ಅಂಗಳದಲ್ಲಿ, ತೊಟ್ಟು ಬಿಡಿಸುವ ಕಣಗಳಲ್ಲಿ, ಪುಡಿ ಮಾಡುವ ಘಟಕಗಳಲ್ಲಿ ಏಳುವ ದೂಳು ಕೆಮ್ಮು-ಸೀನು ತರಿಸುತ್ತದೆ. ಬೇರೆ ತಳಿಯ ಖಾರದ ಕಾಯಿಯೂ ಅಲ್ಲಿಗೆ ಬರುತ್ತದೆ. ಒಂದೊಂದು ಸೀನಿಗೂ ಎದೆಯ ಸ್ನಾಯು ಥಟ್ಟನೆ ಬಿಗಿಯುತ್ತದೆ. ಮೊದಲ ಎರಡು ವಾರ ಜೋರಾದ ಕೆಮ್ಮು ರಕ್ತಸ್ರಾವಕ್ಕೂ ಹೊಲಿಗೆ ಜಗ್ಗುವುದಕ್ಕೂ ಕಾರಣವಾಗಬಹುದು. ಜನವರಿಯಿಂದ ಬೇಸಿಗೆಯವರೆಗೆ ಆವಕ ಜೋರಾಗಿರುವ ದಿನಗಳಲ್ಲಿ ಈ ವ್ಯಾಪಾರದ ಮನೆಯವರು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡದಿರುವುದು ಮೇಲು. ಸೀನು ಬಂದೇಬಿಟ್ಟರೆ ಎದೆಗೆ ಮೆತ್ತನೆಯ ದಿಂಬು ಅಪ್ಪಿ ಹಿಡಿಯಬೇಕು. ಬೇಸಿಗೆಯ ಇನ್ನೊಂದು ಕಾಟ ಬೆವರು. ಬಿಗಿ ಬ್ರಾದ ಕೆಳಗೆ, ಸೀಳಿನ ಜಾಗದಲ್ಲೇ ಬೆವರುಸಾಲೆ ಏಳುತ್ತದೆ. ಎರಡು ಮೂರು ಬ್ರಾ ಇಟ್ಟುಕೊಂಡು ಬದಲಿಸುತ್ತಿರಬೇಕು.

ಸೌಂದರ್ಯೋದ್ದೇಶದ ಇಂಥ ಚಿಕಿತ್ಸೆಗೆ ಜನ ಸಾಮಾನ್ಯವಾಗಿ ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಅಥವಾ ಬೆಂಗಳೂರಿಗೆ ಹೋಗುತ್ತಾರೆ. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರು, ರಾಣೆಬೆನ್ನೂರಿನಿಂದ ದಾವಣಗೆರೆಗೆ ಸುಮಾರು 40. ಹಾವೇರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಈ ದೂರ ಚೇತರಿಕೆಯ ಭಾಗವೇ. ಇಂಪ್ಲಾಂಟಿನ ಸುತ್ತ ರಕ್ತ ತುಂಬಿಕೊಳ್ಳುವ ಅಪಾಯ ಮೊದಲ ಒಂದೆರಡು ದಿನ ಹೆಚ್ಚು. ಒಂದು ಬದಿ ಮಾತ್ರ ತಟ್ಟನೆ ಊದಿ, ಗಟ್ಟಿಯಾಗಿ, ನೋವು ಏರಿದರೆ ಮತ್ತೆ ಶಸ್ತ್ರಚಿಕಿತ್ಸಾ ಕೋಣೆಗೆ ಒಯ್ಯಬೇಕಾಗಬಹುದು. ಅಂದೇ ಬಿಡುಗಡೆ ಕೊಟ್ಟರೂ ಬೆಂಗಳೂರಿಗೆ ಹೋದವರು ಎರಡು ಮೂರು ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಕ್ಷೇಮ. ಹಿಂದಿರುಗುವಾಗ ಸೀಟು ಬೆಲ್ಟಿಗೂ ಎದೆಗೂ ನಡುವೆ ಮಡಚಿದ ಟವೆಲ್ ಇಟ್ಟುಕೊಳ್ಳಬೇಕು, ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಊರಿಗೆ ಬಂದ ಮೇಲೆ ಜ್ವರ, ಗಾಯದಿಂದ ಕೀವು, ಹರಡುವ ಕೆಂಪು, ಮೀನಖಂಡದ ನೋವು, ಉಸಿರಾಟದ ಕಷ್ಟ ಕಂಡರೆ ತಡಮಾಡದೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಶಸ್ತ್ರಚಿಕಿತ್ಸಕರಿಗೋ ತೋರಿಸಬೇಕು. ಏನು ಮಾಡಿಸಿಕೊಂಡದ್ದು ಎಂದು ಹೇಳಲು ನಾಚಿ ಜ್ವರದ ಮಾತ್ರೆಯಲ್ಲೇ ದಿನ ನೂಕುವುದು ಸೋಂಕಿಗಿಂತ ಅಪಾಯಕರ.

ಸ್ತನ ಕ್ಯಾನ್ಸರಿನ ನಂತರದ ಚೇತರಿಕೆ ಇನ್ನೂ ಉದ್ದ. ಈ ಜಿಲ್ಲೆಯವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸರೆ 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು, ಅಂದರೆ ಇಂದಿಗೂ ಜನರ ಬಾಯಲ್ಲಿರುವ ಕಿಮ್ಸ್. ಅದೇ ಊರಿನ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ. ಸ್ತನದ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಾಗ ದ್ರವ ಹೊರಹೋಗಲು ನಳಿಕೆ ಇಡುತ್ತಾರೆ. ದಿನದ ದ್ರವ 30 ಮಿಲಿಲೀಟರಿಗಿಂತ ಕಡಿಮೆಯಾದಾಗ, ಹೆಚ್ಚುಕಡಿಮೆ ಒಂದೆರಡು ವಾರಕ್ಕೆ, ಅದನ್ನು ತೆಗೆಯುವುದು ರೂಢಿ. ಇಲ್ಲಿ ತೋಳನ್ನು ಸುಮ್ಮನೆ ಇಟ್ಟರೆ ಭುಜ ಬಿಗಿದುಹೋಗುತ್ತದೆ. ಗೋಡೆಯ ಮೇಲೆ ಬೆರಳುಗಳಿಂದ ಮೆಲ್ಲಗೆ ಹತ್ತುವ ವ್ಯಾಯಾಮವನ್ನು ಹೇಳಿಕೊಟ್ಟಂತೆ ಆರಂಭಿಸಲೇಬೇಕು. ಹೊಟ್ಟೆಯ ಮಾಂಸವನ್ನು ಮೇಲಕ್ಕೆ ತಂದು ಸ್ತನ ಕಟ್ಟುವ ವಿಧಾನದಲ್ಲಿ ಹೊಟ್ಟೆಯಲ್ಲೂ ಗಾಯವಿರುವುದರಿಂದ ಆರರಿಂದ ಎಂಟು ವಾರ ಬೇಕು. ವಿಕಿರಣ ಚಿಕಿತ್ಸೆಯಾದ ಎದೆಯಲ್ಲಿ ಇಂಪ್ಲಾಂಟಿನ ಸುತ್ತಲಿನ ಪೊರೆ ಬಿಗಿಯುವ ಸಾಧ್ಯತೆ ಹೆಚ್ಚು.

ಖರ್ಚಿನ ವಿಷಯದಲ್ಲೂ ಸೌಂದರ್ಯೋದ್ದೇಶದ ಚಿಕಿತ್ಸೆಗೂ ಪುನರ್ನಿರ್ಮಾಣಕ್ಕೂ ನಡುವೆ ಗೆರೆ ಇದೆ. ಭಾರತದ ಆರೋಗ್ಯ ವಿಮೆಯ ನಿಯಮಗಳಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆ ಹೊರಗಿದೆ. ಕ್ಯಾನ್ಸರ್, ಅಪಘಾತ, ಸುಟ್ಟಗಾಯಗಳ ನಂತರದ ಪುನರ್ನಿರ್ಮಾಣ ಆ ನಿಷೇಧಕ್ಕೆ ಒಳಪಡುವುದಿಲ್ಲ. ಸ್ತನವರ್ಧನ ಮಾಡಿಸಿಕೊಳ್ಳುವವರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಇದ್ದಾರೆ, ಅವರಿಗಾಗಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷೆಯನ್ನು ಆಯುಷ್ಮಾನ್ ಭಾರತ್ ಅಡಿಯಲ್ಲಿ ಕೊಡುವ ಒಪ್ಪಂದಕ್ಕೆ ಕೇಂದ್ರ ಸರ್ಕಾರ 2022ರ ಆಗಸ್ಟಿನಲ್ಲಿ ಸಹಿ ಹಾಕಿತು. ಕೂಲಿ ತಪ್ಪಿದ ಆರು ವಾರಗಳನ್ನು ಸಾಮಾನ್ಯ ಆರೋಗ್ಯ ವಿಮೆ ತುಂಬಿಕೊಡುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ಎಲ್ಲವನ್ನೂ ತಿಳಿದು ಒಪ್ಪುವುದರ ಬೆಲೆಯನ್ನು ರಾಣೆಬೆನ್ನೂರು ಬೇರೊಂದು ಪ್ರಕರಣದಲ್ಲಿ ಕಂಡಿದೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ 2017ರವರೆಗಿನ ವರ್ಷಗಳಲ್ಲಿ ಬಹಳಷ್ಟು ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಯಿತೆಂಬ ಆರೋಪ ಎದ್ದು, ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಮಹಿಳೆಯರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಮೊದಲಿನಂತೆ ದುಡಿಯಲಾಗುತ್ತಿಲ್ಲ ಎಂಬುದೂ ಅವರ ಅಳಲಾಗಿತ್ತು. ಸೌಂದರ್ಯ ಚಿಕಿತ್ಸೆಯ ಕಡೆ ನೋಡಿದರೆ, 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದು ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ, ಅರಿವಳಿಕೆ ತಜ್ಞರ ಹಾಜರಿ, ತುರ್ತು ನಿಗಾ ಘಟಕ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇವನ್ನು ವಿಚಾರಿಸುವುದು ರೋಗಿಯ ಹಕ್ಕು.

ಊತ ಪೂರ್ತಿ ಇಳಿದು ಇಂಪ್ಲಾಂಟ್ ತನ್ನ ಜಾಗಕ್ಕೆ ಕೂರಲು ಮೂರರಿಂದ ಆರು ತಿಂಗಳು ಬೇಕು. ಮೊದಲ ವಾರಗಳಲ್ಲಿ ಸ್ತನ ಮೇಲಕ್ಕೆ ಸೇರಿದಂತೆ ಕಂಡರೆ ಗಾಬರಿ ಬೇಡ. ಸೀಳಿನ ಕಲೆ ತಿಳಿಯಾಗಲು ವರ್ಷ, ಒಂದೂವರೆ ವರ್ಷ. ತೊಟ್ಟಿನ ಸ್ಪರ್ಶಜ್ಞಾನ ತಿಂಗಳುಗಳಲ್ಲಿ ಮರಳುತ್ತದೆ, ಕೆಲವರಲ್ಲಿ ಮರಳುವುದಿಲ್ಲ. ಹಾಲೂಡಿಸಲು ಹೆಚ್ಚಿನವರಿಗೆ ಸಾಧ್ಯ, ತೊಟ್ಟಿನ ಸುತ್ತ ಸೀಳು ಹಾಕಿದವರಲ್ಲಿ ಹಾಲು ಕಡಿಮೆಯಾಗಬಹುದು. ಸುತ್ತಲಿನ ಪೊರೆ ದಪ್ಪಗಾಗಿ ಬಿಗಿದರೆ ಸ್ತನ ಗಟ್ಟಿಯಾಗಿ ನೋಯುತ್ತದೆ. ಇದನ್ನು ಬೇಕರ್ ಶ್ರೇಣಿಯ ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ. ಸಿಲಿಕೋನ್ ಇಂಪ್ಲಾಂಟ್ ಇರುವವರು ಐದಾರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಿ ಒಳಗೆ ಹರಿದಿದೆಯೇ ಎಂದು ನೋಡಬೇಕೆಂದು ಅಮೆರಿಕದ ನಿಯಂತ್ರಣ ಸಂಸ್ಥೆ ಹೇಳುತ್ತದೆ. ತರಿತರಿ ಹೊದಿಕೆಯ ಕೆಲವು ಇಂಪ್ಲಾಂಟುಗಳ ಸುತ್ತ ಅಪರೂಪದ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ (ಲಿಂಫೋಮಾ) ಕಾಣಿಸಿಕೊಂಡದ್ದರಿಂದ 2019ರಲ್ಲಿ ಅಂಥ ಒಂದು ಬಗೆಯನ್ನು ಜಗತ್ತಿನಾದ್ಯಂತ ವಾಪಸು ಪಡೆಯಲಾಯಿತು. ವರ್ಷಗಳ ನಂತರ ಒಂದೇ ಬದಿ ಊದಿಕೊಳ್ಳುವುದು ಅದರ ಮುಖ್ಯ ಲಕ್ಷಣ. ಇಂಪ್ಲಾಂಟಿನ ಕಂಪನಿ, ಬಗೆ, ಗಾತ್ರ, ಕ್ರಮಸಂಖ್ಯೆ ಬರೆದ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನ ಮಾಡಬೇಕು, ಮ್ಯಾಮೊಗ್ರಾಮಿಗೆ ಹೋದಾಗ ತಂತ್ರಜ್ಞರಿಗೆ ಮೊದಲೇ ತಿಳಿಸಬೇಕು.