ವಿಶಾಖಪಟ್ಟಣದ ಎಣ್ಣೆ ಹಗೇವು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿಗೆ ಸುರಿದು, ಬಾಯಿ ಮುಚ್ಚಿ, ಬರಗಾಲಕ್ಕೆಂದು ಇಡುತ್ತಿದ್ದರು. ಕಚ್ಚಾ ತೈಲಕ್ಕೂ ಅಂಥದೊಂದು ಹಗೇವು ಬೇಕೆಂದು ಹಲವು ದೇಶಗಳಿಗೆ ಮನವರಿಕೆಯಾದದ್ದು 1973ರ ತೈಲ ಬಿಕ್ಕಟ್ಟಿನಲ್ಲಿ.

ಅಮೆರಿಕಕ್ಕೆ ಜಾಗ ಸಿದ್ಧವಿತ್ತು. ಟೆಕ್ಸಾಸ್, ಲೂಸಿಯಾನಾ ಕರಾವಳಿಯ ನೆಲದಡಿ ದೊಡ್ಡ ಉಪ್ಪಿನ ಗುಮ್ಮಟಗಳಿವೆ. ಬಾವಿ ಕೊರೆದು ನೀರು ಬಿಟ್ಟರೆ ಉಪ್ಪು ಕರಗಿ ಗುಹೆಯಾಗುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಮೇಲಿನ ಭಾರಕ್ಕೆ ಮೆಲ್ಲನೆ ಸರಿದು ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. 1975ರ ಕಾಯ್ದೆಯ ನಂತರ ಆ ದೇಶದ ತುರ್ತು ತೈಲವೆಲ್ಲ ಅಲ್ಲಿಗೆ ಇಳಿಯಿತು. ಜರ್ಮನಿಯ ಹುಂಟೋರ್ಫ್‌ನಲ್ಲಿ 1978ರಿಂದ ಉಪ್ಪಿನ ಗುಹೆಯಲ್ಲಿ ಒತ್ತಿದ ಗಾಳಿಯನ್ನು ತುಂಬಿಟ್ಟು, ಬೇಕಾದಾಗ ವಿದ್ಯುತ್ ಉತ್ಪಾದಿಸುತ್ತಿದ್ದಾರೆ.

ವಿಜಯವಾಡದಿಂದ ಹೊರಟ ರೈಲು ದುವ್ವಾಡ ದಾಟಿ ವಿಶಾಖಪಟ್ಟಣ ಸೇರುತ್ತದೆ. ಇಲ್ಲಿನ ಗುಡ್ಡಗಳಲ್ಲಿ ಉಪ್ಪಿಲ್ಲ. ಇರುವುದು ಪೂರ್ವಘಟ್ಟದ ಗಟ್ಟಿ ಶಿಲೆ, ಅದರಲ್ಲಿ ಸಣ್ಣಪುಟ್ಟ ಸೀಳುಗಳು. ಹಾಗಿದ್ದರೂ 2007ರಲ್ಲಿ ಇಲ್ಲಿ 60,000 ಟನ್ ಅಡುಗೆ ಅನಿಲದ ಶಿಲಾಗುಹೆ ಕೆಲಸ ಆರಂಭಿಸಿತು. 2015ರಲ್ಲಿ 13.3 ಲಕ್ಷ ಟನ್ ಕಚ್ಚಾ ತೈಲದ ಗುಹೆಗಳೂ ಸಿದ್ಧವಾದವು.

ಈ ಗುಹೆಗಳ ಗೋಡೆಗೆ ಉಕ್ಕಿನ ಹೊದಿಕೆಯಿಲ್ಲ. ಸೀಳುಗಳಲ್ಲಿ ಎಣ್ಣೆ ಸೋರದಂತೆ ತಡೆಯುವುದು ನೀರು. ಗುಹೆಯ ಮೇಲ್ಭಾಗದಲ್ಲಿ ಸಣ್ಣ ಸುರಂಗಗಳನ್ನು ತೋಡಿ, ಅಲ್ಲಿಂದ ಬಂಡೆಗೆ ರಂಧ್ರಗಳನ್ನು ಕೊರೆದು, ಸದಾ ನೀರು ತುಂಬಿರುವಂತೆ ನೋಡಿಕೊಳ್ಳುತ್ತಾರೆ. ಇದಕ್ಕೆ ನೀರಿನ ಪರದೆ ಎನ್ನುತ್ತಾರೆ. ಸುತ್ತಲಿನ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವುದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಬರುವುದಿಲ್ಲ. ಒಳಬಂದ ನೀರು ತಳದಲ್ಲಿ ನಿಲ್ಲುತ್ತದೆ. ಅದನ್ನು ಪಂಪಿನಿಂದ ಎತ್ತಿ ತೆಗೆಯುತ್ತಾರೆ.

ಇದೇ ವಿಧಾನದಲ್ಲಿ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಗುಹೆಗಳಾದವು. ಮೂರೂ ಸೇರಿ 53.3 ಲಕ್ಷ ಟನ್. ಪೂರ್ತಿ ತುಂಬಿದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ ಸಾಕೆಂಬುದು ಸರ್ಕಾರದ ಲೆಕ್ಕ. 2020ರಲ್ಲಿ ಕೊರೋನಾದಿಂದ ತೈಲದ ಬೆಲೆ ಕುಸಿದಾಗ ಬ್ಯಾರಲ್‌ಗೆ ಸರಾಸರಿ 19 ಡಾಲರ್‌ನಂತೆ ಕೊಂಡು ಇವನ್ನು ತುಂಬಿಸಲಾಯಿತು. ಅದರಿಂದ ಸುಮಾರು 5,000 ಕೋಟಿ ರೂಪಾಯಿ ಉಳಿಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು.

ಜೋಳದ ಹಗೇವಿಗೆ ನೀರು ನುಗ್ಗಿದರೆ ಕಾಳು ಹಾಳು. ಎಣ್ಣೆಯ ಹಗೇವಿಗೆ ಅಪಾಯವಿರುವುದು ನೀರು ಇಳಿದಾಗ. ಬಂಡೆಯ ಸೀಳುಗಳು ಒಣಗಿದರೆ ಬೀಗವೇ ಸಡಿಲವಾಗುತ್ತದೆ. ಅದಕ್ಕೇ ಈ ಗುಹೆಗಳ ಕಾವಲೆಂದರೆ ಎಣ್ಣೆಯ ಕಾವಲಷ್ಟೇ ಅಲ್ಲ. ಸುತ್ತಲಿನ ಅಂತರ್ಜಲದ ಮಟ್ಟವನ್ನೂ ವರ್ಷವಿಡೀ ಅಳೆಯುತ್ತಿರಬೇಕು. ಹೊರದೇಶದಿಂದ ಹಡಗಿನಲ್ಲಿ ಬಂದ ತೈಲ ಕೊನೆಗೆ ನಂಬಿರುವುದು ಊರಿನ ನೆಲದಡಿಯ ನೀರನ್ನು.