ಚರಂಡಿಯ ಬಾಯಲ್ಲಿ ದೊರೆತ ಮದ್ದು

ಪೆನಿಸಿಲಿನ್ನಿನ ಕಥೆಯನ್ನು ನಾವೆಲ್ಲ ಬಲ್ಲೆವು. ಅದರ ಬಳಗಕ್ಕೇ ಸೇರಿದ ಸೆಫಲೋಸ್ಪೋರಿನ್ನಿನ ಕಥೆಯನ್ನು ಬಲ್ಲವರು ವಿರಳ.

1945ರಲ್ಲಿ ಇಟಲಿಯ ಸಾರ್ಡೀನಿಯ ದ್ವೀಪದ ಕಾಲ್ಯಾರಿ ನಗರವನ್ನು ವಿಷಮಶೀತ ಜ್ವರ, ಎಂದರೆ ಟೈಫಾಯಿಡ್, ಕಾಡುತ್ತಿತ್ತು. ಚರಂಡಿಯ ನೀರು ಸಮುದ್ರವನ್ನು ಸೇರುವೆಡೆಯಲ್ಲಿ ರೋಗಾಣುಗಳು ಆಗಾಗ ತಾವಾಗಿಯೇ ನಶಿಸುವುದನ್ನು ಅಲ್ಲಿನ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕ ಜುಸೆಪ್ಪೆ ಬ್ರೋಟ್ಸು ಗಮನಿಸಿದರು. ಅವನ್ನು ಕೊಲ್ಲುತ್ತಿರುವುದು ಯಾವುದು? ಹುಡುಕಿದಾಗ ಆ ನೀರಿನಲ್ಲಿ ಸೆಫಲೋಸ್ಪೋರಿಯಂ ಎಂದು ಆಗ ಕರೆಯುತ್ತಿದ್ದ ಬೂಷ್ಟು ಸಿಕ್ಕಿತು. ಅದರ ಸಾರವನ್ನು ರೋಗಿಗಳಿಗೆ ಕೊಟ್ಟು ಕಂಡ ಗುಣವನ್ನು ಅವರು 1948ರಲ್ಲಿ ಪ್ರಕಟಿಸಿದರು. ಬೂಷ್ಟನ್ನು ಆಕ್ಸ್‌ಫರ್ಡಿಗೆ ಕಳುಹಿಸಿಕೊಟ್ಟರು.

ಅಲ್ಲಿ ಎಡ್ವರ್ಡ್ ಏಬ್ರಹಾಂ, ಗೈ ನ್ಯೂಟನ್ ಇಬ್ಬರೂ 1953ರಲ್ಲಿ ಅದರಿಂದ ಸೆಫಲೋಸ್ಪೋರಿನ್ ಸಿ ಎಂಬುದನ್ನು ಬೇರ್ಪಡಿಸಿದರು. ಅದರ ಶಕ್ತಿ ಅಲ್ಪ. ಆದರೆ ಪೆನಿಸಿಲಿನ್ನನ್ನು ಸೀಳಿಹಾಕುತ್ತಿದ್ದ ಸ್ಟೆಫಿಲೊಕಾಕಸ್ ರೋಗಾಣುವಿನ ಕಿಣ್ವಕ್ಕೆ ಅದು ಮಣಿಯಲಿಲ್ಲ. ಅದರ ತಿರುಳನ್ನು ಉಳಿಸಿಕೊಂಡು, ಅಂಚುಗಳನ್ನು ಬದಲಿಸಿ, ರಸಾಯನಶಾಸ್ತ್ರಜ್ಞರು ಸಿದ್ಧಪಡಿಸಿದ ಸೆಫಲೋಥಿನ್ 1964ರಲ್ಲಿ ಬಳಕೆಗೆ ಬಂದಿತು.

ಇದೇ ವಂಶದ ಸೆಫ್ಟ್ರಿಯಾಕ್ಸೋನ್ ಮುಂದೆ ವಿಷಮಶೀತ ಜ್ವರಕ್ಕೂ ಮದ್ದಾಯಿತು. ಬ್ರೋಟ್ಸು ಅರಸಿದ್ದು ಕೈಗೂಡಿತು. ಆದರೆ 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಆ ಮದ್ದಿಗೂ ಜಗ್ಗದ ವಿಷಮಶೀತ ಜ್ವರ ಹಬ್ಬಿತು. ಮದ್ದನ್ನು ಮನಬಂದಂತೆ ಬಳಸಿದಷ್ಟೂ ಅದಕ್ಕೆ ಜಗ್ಗದ ರೋಗಾಣುಗಳೇ ಉಳಿದು ವೃದ್ಧಿಸುತ್ತವೆ.

ಈ ಜ್ವರ ಹರಡುವುದು ಮಲಿನವಾದ ನೀರು, ಆಹಾರಗಳಿಂದ. ಚರಂಡಿಯ ಬಾಯಲ್ಲಿ ಮದ್ದು ದೊರೆಯಿತೆಂದು ಚರಂಡಿಯನ್ನೇ ಮರೆಯುವಂತಿಲ್ಲ. ಕುಡಿಯುವ ನೀರಿನಿಂದ ಅದನ್ನು ದೂರವಿಡುವ ಕೆಲಸವನ್ನು ಯಾವ ಮದ್ದೂ ನಮಗಾಗಿ ಮಾಡಿಕೊಡಲಾರದು.